ಕೆಟ್ಟ ರ‍್ಯಾಮಿಗೆ ಕಂಬಳಿ ಹೊದಿಸಿದ್ದು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲೋಕದಲ್ಲಿ ಎಲ್ಲರೂ ತಮ್ಮ ಸಾಮಾನು ಕೆಡದಿರಲಿ ಎಂದು ಹಾರೈಸುತ್ತಾರೆ. ಮಿಕ್ಸಿ ಕೆಡದಿರಲಿ, ಬೋರಿನ ಮೋಟರು ಸುಡದಿರಲಿ, ಬೈಕು ಬೆಳಿಗ್ಗೆ ಮೊದಲ ಒದೆತಕ್ಕೇ ಮಾತು ಕೇಳಲಿ ಎಂದು. ಕಳೆದ ಬೇಸಿಗೆಯಲ್ಲಿ ನಾನು ಮಾತ್ರ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, ಕೈಮುಗಿದು, "ಇವತ್ತಾದರೂ ಕೆಡಲಪ್ಪ" ಎಂದು ಬೇಡಿಕೊಳ್ಳುತ್ತಿದ್ದೆ. ಒಂದು ದಿನ ಇದು ನಮ್ಮತ್ತೆಯ ಕಿವಿಗೆ ಬಿತ್ತು. ಯಾರ ಮನೆ ಕೆಡಲಿ ಎಂದು ಸೊಸೆ ಬೇಡುತ್ತಿದ್ದಾಳೋ ತಿಳಿಯದೆ, ಅವರು ಎರಡು ದಿನ ನನ್ನ ಕೈಯ ಕಾಫಿಯನ್ನು ಮೂಸಿ ನೋಡಿ ಕುಡಿದರು.

ನಾನು ಮಾಡುವ ಕೆಲಸ ಏನೆಂದು ಹೇಳಿದರೆ ಈ ಬೇಡಿಕೆಯ ಅರ್ಥ ತಿಳಿಯುತ್ತದೆ. ಆದರೆ ನಾನು ಮಾಡುವ ಕೆಲಸ ಏನೆಂದು ಹೇಳುವುದೇ ಹದಿನೆಂಟು ವರ್ಷದಿಂದ ನನಗೆ ದೊಡ್ಡ ಕೆಲಸವಾಗಿದೆ. ಹೊಸದುರ್ಗದ ನಮ್ಮ ಬೀದಿಯಲ್ಲಿ ನನ್ನನ್ನು 'ಕಂಪ್ಯೂಟರ್ ಕಮಲಮ್ಮ' ಎನ್ನುತ್ತಾರೆ. ಪಹಣಿ ತೆಗೆಸಲು, ಫೋಟೋ ಸಣ್ಣದು ಮಾಡಿಸಲು, ಗ್ಯಾಸ್ ಬುಕ್ ಮಾಡಿಸಲು ಬರುತ್ತಾರೆ; ನಾನು ಒಲ್ಲೆ ಎನ್ನುವುದಿಲ್ಲ. ನನ್ನ ನಿಜವಾದ ಕೆಲಸ ಇರುವುದು ಆಪರೇಟಿಂಗ್ ಸಿಸ್ಟಮ್ಮಿನ ಒಳಕೋಣೆಯಲ್ಲಿ. ಅಲ್ಲಿ ಕರ್ನೆಲ್ ಎಂಬುದೊಂದಿದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಯಾರಿಗೆ ಎಷ್ಟು ಬಡಿಸಬೇಕು, ಯಾರನ್ನು ಎಲ್ಲಿ ಮಲಗಿಸಬೇಕು, ಯಾರಿಗೂ ಯಾರಿಗೂ ಜಗಳವಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂದು ಚಿಂತಿಸುವವಳು ಒಬ್ಬಳಿರುತ್ತಾಳಲ್ಲ, ಕರ್ನೆಲ್ ಮಾಡುವುದು ಅದನ್ನೇ. ಅವಳ ಹಾಗೆಯೇ, ಅದು ಮಲಗಿದ ದಿನವೇ ಅದರ ಬೆಲೆ ಗೊತ್ತಾಗುವುದು.

ಕಂಪ್ಯೂಟರಿನ ಮೆಮೊರಿಯನ್ನು ಈ ಕರ್ನೆಲ್ ಸಣ್ಣ ಸಣ್ಣ ಪುಟಗಳಾಗಿ ಹಂಚಿಕೊಂಡಿರುತ್ತದೆ. ಪುಟಗಳು ಇರುವುದು ರ‍್ಯಾಮ್ ಎಂಬ ಗೇಣುದ್ದದ ಪಟ್ಟಿಯಲ್ಲಿ. ವಯಸ್ಸಿಗೋ ಸೆಕೆಗೋ ಯಾವುದಾದರೊಂದು ಪುಟ ಕೆಡುತ್ತದೆ. ಕೆಟ್ಟರೆ, ಬರೆದಿಟ್ಟದ್ದು ಒಂದು, ಓದಿದರೆ ಸಿಗುವುದು ಇನ್ನೊಂದು. ದೊಡ್ಡ ಯಂತ್ರಗಳ ರ‍್ಯಾಮು ಪ್ರಾಮಾಣಿಕ. ತಾನು ಕೆಟ್ಟದ್ದನ್ನು ತಾನೇ ಕೂಗಿ ಹೇಳುತ್ತದೆ. ಆಗ ಕರ್ನೆಲ್ ಆ ಪುಟಕ್ಕೆ 'ವಿಷ' ಎಂದು ಗುರುತು ಹಾಕಿ, ಅದನ್ನು ಬಳಸುತ್ತಿದ್ದ ಒಂದು ಕೆಲಸವನ್ನು ಮಾತ್ರ ನಿಲ್ಲಿಸಿ, ಉಳಿದವರೆಲ್ಲ ತಮ್ಮ ಪಾಡಿಗೆ ಇರುವಂತೆ ನೋಡಿಕೊಳ್ಳಬೇಕು. ಕಷ್ಟ ಬರುವುದು ಎಲ್ಲಿ ಎಂದರೆ, ಆ ಪುಟವನ್ನು ಕರ್ನೆಲ್ಲೇ ಕೈಯಲ್ಲಿ ಹಿಡಿದಿರುವಾಗ ಕೂಗು ಎದ್ದರೆ. ಆಗ ಅದು ಗಾಬರಿಯಾಗಿ ಕೈಚೆಲ್ಲಿ ಕೂತುಬಿಡುತ್ತದೆ. ಇಡೀ ಯಂತ್ರ ಬೀಳುತ್ತದೆ. ಒಂದು ಕುರಿಗೆ ಜ್ವರ ಬಂತೆಂದು ಮಂದೆಗೆ ಮಂದೆಯನ್ನೇ ಬಾವಿಗೆ ತಳ್ಳಿದ ಹಾಗೆ.

ಕುರಿಯ ಮಾತು ಬಂದದ್ದು ಸುಮ್ಮನೆ ಅಲ್ಲ. ನಮ್ಮತ್ತೆ ಗಂಗಮ್ಮ ಮತ್ತೋಡಿನ ಕಡೆಯವರು, ಕುರಿ ಸಾಕಿದ ಮನೆತನ. ನಮ್ಮನೆಯವರು ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರು. ದಿನವೂ ಲಸಿಕೆಯ ಡಬ್ಬಿ ಹೊತ್ತು ಹಳ್ಳಿ ಸುತ್ತುತ್ತಾರೆ. ನಮ್ಮ ಮನೆಯಲ್ಲಿ ಏನನ್ನೇ ವಿವರಿಸಬೇಕಾದರೂ ಕುರಿಯ ಮೂಲಕ ಹೋಗುವುದೇ ಹತ್ತಿರದ ದಾರಿ. ಒಂದು ಮಧ್ಯಾಹ್ನ ಅತ್ತೆ ಅವರೆಕಾಳು ಬಿಡಿಸುತ್ತಾ ಕೇಳಿದರು, "ದಿನಾ ಹಂಗೆ ಪರದೆ ಮುಂದೆ ಕುಂತು ಏನ್ ಬರೀತೀಯವ್ವ ನೀನು?"

"ಅತ್ತೆ, ಸುಗ್ಗಿ ಆದ್ಮೇಲೆ ನಿಮ್ಮೂರಾಗೆ ನಾಕೈದು ಮನೆ ಕುರಿ ಕೂಡಿಸಿ ಒಂದೇ ಮಂದೆ ಮಾಡ್ತಿದ್ರಲ್ಲ?"

"ಹೂಂ, ಮಾಡ್ತಿದ್ವಿ. ಹದಿನೈದು ಕುರಿ ಹಿಂದೆ ಒಬ್ಬೊಬ್ರೂ ಯಾಕೆ ಅಲೀಬೇಕು?"

"ಹಂಗೇ, ಐನೂರಾ ಹನ್ನೆರಡು ಸಣ್ಣ ಪುಟ ಕೂಡಿಸಿ ಒಂದು ದೊಡ್ಡ ಪುಟ ಮಾಡೋ ಕೆಲ್ಸ ಐತೆ ಕರ್ನೆಲ್ಲಿಗೆ. ಕೂಡಿಸುವಾಗ ನಡುವೆ ಒಂದು ರೋಗದ ಕುರಿ ಕೈಗೆ ಸಿಕ್ತು ಅಂದ್ರೆ, ಗಾಬರಿ ಆಗ್ದಂಗೆ ಎಲ್ಲಾನೂ ಮೊದ್ಲಿದ್ದ ಮುಳ್ಳುಬೇಲಿ ರೊಪ್ಪಕ್ಕೇ ವಾಪಸ್ ಕಳಿಸ್ಬೇಕು. ಅದನ್ನ ಬರೀತಾ ಇದೀನಿ."

ಅತ್ತೆ ಕಾಳನ್ನು ಮೊರಕ್ಕೆ ಹಾಕಿದರು. "ರೊಪ್ಪಕ್ಕೆ ಕುರಿ ಹೊಡಿಯಾಕೆ ಎಂಜಿನೇರು ಓದ್ಬೇಕಾತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಿಪ್ಪೆ ಎತ್ತಿಕೊಂಡು ಹೋದರು.

ಈಗ ತೊಂದರೆಗೆ ಬರುತ್ತೇನೆ. ಕರ್ನೆಲ್ಲಿಗೆ ನಾನು ಬರೆದದ್ದನ್ನು ನಾನೇ ಸೇರಿಸುವ ಹಾಗಿಲ್ಲ. ಅದನ್ನು ತೇಪೆಯ ಹಾಗೆ ಮಾಡಿ ಎಲ್ಲರಿಗೂ ಕಾಣುವಂತೆ ಕಳಿಸಬೇಕು. ಲೋಕದ ಯಾವುದೋ ಮೂಲೆಯಲ್ಲಿರುವ ಪರಿಶೀಲಕ ಅದನ್ನು ಎಳೆಎಳೆ ಬಿಡಿಸಿ ನೋಡಿ, ಸರಿ ಎನ್ನಬೇಕು. ನನ್ನ ಪಾಲಿನ ಪರಿಶೀಲಕರ ಮುಖ ನಾನು ನೋಡಿಲ್ಲ. ಪತ್ರ ಬರುವುದು ಸರಿಯಾಗಿ ನಮ್ಮ ತಿಂಡಿಯ ಹೊತ್ತಿಗೆ. ಎಷ್ಟೋ ದಿನ ಚಿತ್ರಾನ್ನ ಗಂಟಲಲ್ಲೇ ನಿಂತಿದೆ. ಎರಡು ಸಾಲಿಗಿಂತ ಹೆಚ್ಚು ಬರೆಯುವವರಲ್ಲ. ನಾನು ಐದನೇ ಸಲ ತಿದ್ದಿ ಕಳಿಸಿದಾಗ ಅವರು ಹೇಳಿದ್ದು ಇಷ್ಟು: ನೀವು ಯಂತ್ರಕ್ಕೆ ಸುಳ್ಳು ದೋಷ ಬರಿಸಿ ಪರೀಕ್ಷೆ ಮಾಡಿದ್ದೀರಿ, ನಿಜವಾಗಿ ಕೆಟ್ಟ ಮೆಮೊರಿಯಲ್ಲಿ ಇದು ನಿಲ್ಲುತ್ತದೆ ಎಂದು ತೋರಿಸಿ.

ಸುಳ್ಳು ದೋಷ ಎಂದರೆ, ಯಂತ್ರಕ್ಕೆ 'ಕೆಟ್ಟ ಹಾಗೆ ನಟಿಸು' ಎಂದು ಹೇಳುವುದು. ಶಾಲೆಗೆ ಹೋಗಲು ಮನಸ್ಸಿಲ್ಲದ ಮಗುವಿನ ಹೊಟ್ಟೆನೋವಿಗೆ ಔಷಧಿ ಕೊಟ್ಟು, ವಾಸಿಯಾಯಿತು ಎಂದು ಬೀಗಿದಂತೆ. ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಸಿಟ್ಟು ಹೆಚ್ಚು ಬಂತು. ಅದೇ ವಾರ ನಮ್ಮ ಕಂಪನಿಯ ಮ್ಯಾನೇಜರು ಫೋನು ಮಾಡಿ, ನನಗಿಂತ ಹದಿನೈದು ವರ್ಷ ಚಿಕ್ಕವರಾದ್ದರಿಂದ ಬಹಳ ಮೆತ್ತಗೆ, ಒಂದು ಮಾತು ಹೇಳಿದರು. "ಮೇಡಂ, ಈ ಸುತ್ತಿನಲ್ಲಿ ಅದು ಸೇರದಿದ್ದರೆ ಈ ಕೆಲಸ ನಿಲ್ಲಿಸಿಬಿಡೋಣ. ನಿಮಗೆ ಬೇರೆ ತಂಡದಲ್ಲಿ ಜಾಗ ನೋಡಿದ್ದೇನೆ. ವೆಬ್‌ಸೈಟಿನ ಬಟನ್ನುಗಳ ಕೆಲಸ, ಆರಾಮಾಗಿರುತ್ತೆ." ಹದಿನೆಂಟು ವರ್ಷ ಒಳಮನೆಯಲ್ಲಿ ಕೀಲಿಕೈ ಇಟ್ಟುಕೊಂಡಿದ್ದವಳನ್ನು ಕರೆದು, ಇನ್ನು ನೀವು ಜಗಲಿಗೆ ಸುಣ್ಣ ಬಳಿಯಿರಿ ಎಂದಂತಾಯಿತು. ಬಟನ್ನಿಗೆ ನೀಲಿ ಬಣ್ಣವೋ ಹಸಿರು ಬಣ್ಣವೋ ಎಂದು ಸಭೆಯಲ್ಲಿ ಕೂತು ಚರ್ಚಿಸುವ ನನ್ನನ್ನು ನಾನು ಒಂದು ಕ್ಷಣ ಕಲ್ಪಿಸಿಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ. ಕೆಟ್ಟ ರ‍್ಯಾಮು ಬೇಕು ತಾನೆ? ತಂದೇ ತರುತ್ತೇನೆ ಎಂದು.

ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಇಮ್ತಿಯಾಜನ ರಿಪೇರಿ ಅಂಗಡಿ. ಅಚ್ಚುಕಟ್ಟಾದ ಮನುಷ್ಯ. ಬಿಚ್ಚಿದ ಸ್ಕ್ರೂಗಳನ್ನು ಹಳೆಯ ಮೊಸರಿನ ಡಬ್ಬಿಗಳಲ್ಲಿ ಅಳತೆಗೆ ತಕ್ಕಂತೆ ಇಟ್ಟಿರುತ್ತಾನೆ.

"ಬರ್ರಿ ಮೇಡಂ, ಕುಂತ್ಕಳ್ರಿ. ಏನ್ ಬೇಕಿತ್ತು?"

"ಸರ್ವರಿಂದು ಒಂದು ರ‍್ಯಾಮ್ ಬೇಕಿತ್ತಪ್ಪ. ಕೆಟ್ಟಿರೋದು."

"ಕೆಟ್ಟಿರೋದಕ್ಕೆ ಬದ್ಲಿ ಹಾಕಾಕಾ?"

"ಅಲ್ಲ. ಕೆಟ್ಟಿರೋದೇ ಬೇಕು."

ಇಮ್ತಿಯಾಜ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಮುಖ ಸಣ್ಣದಾಯಿತು. "ಮೇಡಂ, ಅಂಗಡಿ ಇಟ್ಟು ಹನ್ನೆರಡು ವರ್ಷ ಆತು. ನಮ್ಮತ್ರ ಕೆಟ್ಟ ಮಾಲು ಸಿಗ್ತದೆ ಅಂತ ಯಾರು ಹೇಳಿದ್ರು ನಿಮ್ಗೆ? ಹೆಸರು ಹೇಳ್ರಿ ಸಾಕು."

ಅವನನ್ನು ಸಮಾಧಾನ ಮಾಡಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ನನಗೆ ಪೂರ್ತಿ ಸತ್ತದ್ದು ಬೇಡ, ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಕೈಕೊಡುವಂಥದ್ದು ಬೇಕು ಎಂದೆ. ಅವನು ತಲೆ ಕೆರೆದುಕೊಂಡು, "ಒಳ್ಳೇದಕ್ಕೆ ಗ್ಯಾರಂಟಿ ಕೊಡಬಹುದು ಮೇಡಂ. ಕೆಟ್ಟಿದ್ದು ಹೇಳಿದ ಟೈಮಿಗೆ ಕೆಡ್ತದೆ ಅಂತ ಯಾರು ಗ್ಯಾರಂಟಿ ಕೊಡ್ತಾರೆ?" ಎಂದ. ಕೊನೆಗೆ ಅಟ್ಟದ ಮೇಲಿಂದ ಒಂದು ಪಟ್ಟಿ ತೆಗೆದು, ಊದಿ, ಕೊಟ್ಟ. ಯಾವುದೋ ಹಳೆಯ ಸರ್ವರಿನದು. "ಇದು ಬೆಳಿಗ್ಗೆ ಹೊತ್ತು ಬಂಗಾರದಂಗಿರ್ತಿತ್ತು, ಮಧ್ಯಾಹ್ನ ಬಿಸಿಯಾದ್ರೆ ತಲೆ ಕೆಡ್ತಿತ್ತು. ಆ ಯಜಮಾನ್ರು ಸಾಕಾಗಿ ಬಿಸಾಕಿದ್ರು." ನನಗೆ ಅವನಿಗೆ ಕೈಮುಗಿಯಬೇಕು ಅನ್ನಿಸಿತು. ಅಂಥ ವಸ್ತು ಹುಡುಕಿದರೆ ಸಿಗುವುದಿಲ್ಲ. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಬಾಣಂತಿ ಕೂಸನ್ನು ತರುವ ಹಾಗೆ ಎದೆಗವಚಿಕೊಂಡು ಮನೆಗೆ ತಂದೆ.

ನನ್ನ ಪರೀಕ್ಷೆಯ ಯಂತ್ರ ಇರುವುದು ದೇವರಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ತಗಡಿನ ಉದ್ದ ಪೆಟ್ಟಿಗೆ. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯಂತೆ ಸದ್ದು. ಅದರೊಳಗೆ ಪಟ್ಟಿ ಸಿಕ್ಕಿಸಿ, ಪುಟ ಕೂಡಿಸುವ ಕೆಲಸವನ್ನು ಎಡೆಬಿಡದೆ ಮಾಡುವಂತೆ ಹೇಳಿ, ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಆರಿಸಿ ಕೂತೆ. ರ‍್ಯಾಮು ಬಿಸಿಯಾಗಬೇಕಲ್ಲ? ಏಪ್ರಿಲ್ ತಿಂಗಳ ಹೊಸದುರ್ಗ. ನಾನು ಬಿಸಿಯಾದೆ, ಗೋಡೆ ಬಿಸಿಯಾಯಿತು, ಪಕ್ಕದ ದೇವರಮನೆಯ ಕರ್ಪೂರ ಮೆತ್ತಗಾಯಿತು. ರ‍್ಯಾಮು ಮಾತ್ರ ಆಗಲಿಲ್ಲ. ಊಟಕ್ಕೆ ಬಂದ ನಮ್ಮನೆಯವರು ಬಾಗಿಲಲ್ಲೇ ನಿಂತು, "ಏನೇ ಇದು, ಮನೇನ ಇಟ್ಟಿಗೆ ಗೂಡು ಮಾಡಿದೀಯಲ್ಲ!" ಎಂದರು. ನಾನು ಬೆವರು ಒರೆಸಿಕೊಂಡು, "ಕೆಟ್ಟೈತೆ ಅಂತ ತಂದೆ, ಕೆಡ್ತಾನೇ ಇಲ್ಲ" ಎಂದೆ. ಎರಡನೇ ದಿನವೂ ಇದೇ. ಮೂರನೇ ದಿನ ನನಗೆ ಕಂಬಳಿ ಹೊಳೆಯಿತು.

ಕರಿ ಕಂಬಳಿ, ಕೈಮಗ್ಗದ್ದು, ಹೊದ್ದರೆ ಮೈ ಚುಚ್ಚುವಂಥದ್ದು. ಅದನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗೆ ಹೊದಿಸಿದೆ. ಅತ್ತೆ ನೋಡಿದ್ದೇ ತಡ, "ಕಂಬ್ಳಿ ಅಂದ್ರೆ ದೇವ್ರಿಗೆ ಗದ್ದಿಗೆ ಹಾಸೋದು ಕಣವ್ವ! ತಗಡಿನ ಪೆಟ್ಟಿಗೆಗೆ ಹೊದಿಸ್ತೀಯಾ?" ಎಂದು ಎದ್ದು ಬಂದರು. ಆಮೇಲೆ ಸ್ವಲ್ಪ ತಣ್ಣಗಾಗಿ, "ಅಲ್ದೆ ಇದರಾಗೆ ಬಿಸಿ ಆಗಲ್ಲ. ಬ್ಯಾಸಿಗೇಲಿ ಕಂಬ್ಳಿ ಹೊದ್ದೇ ಕುರಿ ಕಾಯ್ದೋರು ನಾವು. ಒಳಗೆ ತಂಪಿರ್ತೈತೆ" ಎಂದು ತೀರ್ಪು ಕೊಟ್ಟರು. ಕುರಿ ಕಾಯುವವರ ಬೆನ್ನಲ್ಲಿ ಗಾಳಿ ಬಿಸಿ ಮಾಡುವ ಯಂತ್ರ ಇರುವುದಿಲ್ಲ ಎಂದು ನಾನು ವಾದಿಸಲಿಲ್ಲ. ಇಪ್ಪತ್ತು ನಿಮಿಷಕ್ಕೆ ಪೆಟ್ಟಿಗೆ ಹುಯ್ಯಲಿಡತೊಡಗಿತು. ಪರದೆ ಒಮ್ಮೆ ಮಿನುಗಿ ನಿಂತುಹೋಯಿತು. ಯಂತ್ರ ಬಿದ್ದಿತ್ತು.

"ಬಿತ್ತು! ಬಿತ್ತು!" ಎಂದು ನಾನು ಕೂಗಿದೆ. ನಮ್ಮನೆಯವರು ತಾಯಿ ಬಿದ್ದರೆಂದು ಬಚ್ಚಲಿನಿಂದ ಒದ್ದೆ ಮೈಯಲ್ಲೇ ಓಡಿ ಬಂದರು. ತಾಯಿ ನೆಟ್ಟಗೆ ನಿಂತಿದ್ದರು. ಕೈಯಲ್ಲಿ ಕಂಬಳಿ ಇತ್ತು, ಯಂತ್ರ ಬೀಳುತ್ತಲೇ ಕಿತ್ತುಕೊಂಡಿದ್ದರು.

ಸಂತೋಷ ಇಳಿದ ಮೇಲೆ ಬುದ್ಧಿ ಬಂತು. ರ‍್ಯಾಮು ಕೆಟ್ಟದ್ದು ಸರಿಯೇ. ಆದರೆ ನನ್ನ ತೇಪೆ ಇದ್ದೂ ಯಂತ್ರ ಬಿದ್ದಿತು. ಬೀಳಬಾರದಿತ್ತು. ಪರಿಶೀಲಕರು ಮೂಗಿನಿಂದಲೇ ಹಿಡಿದ ವಾಸನೆ ನಿಜವಾಗಿತ್ತು. ಮೂರು ದಿನ ಕೂತು ನನ್ನದೇ ಸಾಲುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದೆ. ತಪ್ಪು ಸಿಕ್ಕಿತು. ಸಣ್ಣ ಪುಟದಲ್ಲಿದ್ದದ್ದನ್ನು ದೊಡ್ಡದಕ್ಕೆ ನಕಲು ಮಾಡಿದ ಕೂಡಲೇ, ಖಾಲಿಯಾಯಿತಲ್ಲ ಎಂದು ನಾನು ಆ ಸಣ್ಣ ಪುಟವನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದೆ. ಗೃಹಿಣಿಯ ಚಟ, ಖಾಲಿ ಪಾತ್ರೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಮುನ್ನೂರನೆಯದರಲ್ಲಿ ವಿಷ ಸಿಕ್ಕಿ ಎಲ್ಲರನ್ನೂ ವಾಪಸ್ ಕಳಿಸೋಣ ಎಂದರೆ, ಮೊದಲಿನ ಇನ್ನೂರ ತೊಂಬತ್ತೊಂಬತ್ತರ ಜಾಗದಲ್ಲಿ ಆಗಲೇ ಯಾರೋ ಬಿಡಾರ ಹೂಡಿರುತ್ತಿದ್ದರು. ಸುಳ್ಳು ದೋಷದಲ್ಲಿ ಇದು ಕಾಣದ ಕಾರಣವೂ ಸಿಕ್ಕಿತು. ನಾನು ನಟಿಸಲು ಹೇಳುತ್ತಿದ್ದದ್ದು ಯಾವಾಗಲೂ ಮೊದಲನೇ ಪುಟಕ್ಕೇ. ಪರೀಕ್ಷೆಯ ಪ್ರಶ್ನೆಯನ್ನೂ ಉತ್ತರವನ್ನೂ ನಾನೇ ಬರೆದುಕೊಂಡು ನೂರಕ್ಕೆ ನೂರು ತೆಗೆದಿದ್ದೆ.

ಇದನ್ನು ಅತ್ತೆಗೆ ಕುರಿಯ ಲೆಕ್ಕದಲ್ಲಿ ಹೇಳಿದ್ದು ನನ್ನ ಎರಡನೇ ತಪ್ಪು. ಅವರು ಬಾಯಿಗೆ ಹಾಕಿಕೊಳ್ಳುತ್ತಿದ್ದ ಎಲೆಯನ್ನು ಹಾಗೇ ಹಿಡಿದು ಕೇಳಿದರು. "ಅಂದ್ರೆ, ಕುರಿ ಆಕಡೆ ದಾಟಿದ್ವೋ ಇಲ್ವೋ, ನೀನು ಹಳೇ ರೊಪ್ಪದ ಬೇಲಿ ಮುಳ್ಳು ಕಿತ್ತು ಒಲೆಗೆ ಹಾಕ್ದೆ."

"ಹೂಂ ಅತ್ತೆ. ಹಂಗೇ ಅನ್ಕಳ್ರಿ."

"ನಾವು ಮಂದೆ ಕೂಡಿಸಿದ್ರೆ, ಕೊನೇ ಕುರಿ ಒಳಗೋಗಿ, ಒಂದಿನ ಮೇಯ್ದು ಬಂದ್ಮೇಲೇ ಹಳೇ ಮುಳ್ಳು ಮುಟ್ತಿದ್ದಿದ್ದು. ಇದು ಕಂಡುಹಿಡಿಯಾಕೆ ಮೂರು ದಿನ ಬೇಕಾತಾ ನಿಂಗೆ?"

"ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನು ಮುಳ್ಳು ಕೀಳ್ತಿದೀಯ ಅಂತ ನಂಗೇನ್ ಕನಸು ಬಿದ್ದಿತ್ತಾ?"

ಆರನೇ ಸಲ ಬರೆದೆ. ಐನೂರ ಹನ್ನೆರಡೂ ಕ್ಷೇಮವಾಗಿ ದಾಟುವ ತನಕ ಹಳೆಯ ಒಂದು ಪುಟವನ್ನೂ ಬಿಡುವುದಿಲ್ಲ. ನಕಲು ಮಾಡುವಾಗ ವಿಷ ಸಿಕ್ಕರೆ ಕೂಗಾಡುವುದಿಲ್ಲ, ಎಲ್ಲಿ ನಿಂತೆ ಎಂದು ಮೆಲ್ಲಗೆ ತಿಳಿಸಿ ಹಿಂದೆ ಸರಿಯುವುದು. ಇನ್ನು ನಿಜವಾದ ದೋಷದ ಮುಂದೆ ಅದು ನಿಲ್ಲುತ್ತದೆಂದು ತೋರಿಸಿದರೆ ಮುಗಿಯಿತು. ಅಷ್ಟರಲ್ಲಿ ಹಿರಿಯೂರಿನಲ್ಲಿ ನಮ್ಮಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಹೋಗದಿದ್ದರೆ ಅಕ್ಕ ಹತ್ತು ವರ್ಷ ಆಡಿಕೊಳ್ಳುತ್ತಾಳೆ. ಯಂತ್ರ ಆರಿಸಿ, ಅತ್ತೆಯನ್ನು ಕರೆದುಕೊಂಡು, ಬೆಳಗಿನ ಬಸ್ಸಿಗೆ ಹೋಗಿ, ಹೋಳಿಗೆ ಉಂಡು, ಮರುದಿನ ವಾಪಸು ಬಂದೆ.

ಬಂದವಳೇ ಕೆಲಸಕ್ಕೆ ಕೂತೆ. ಅತ್ತೆಯನ್ನು ಕಾಡಿ ಬೇಡಿ ಕಂಬಳಿ ಪಡೆದೆ. ಒಂದು ಮಧ್ಯಾಹ್ನ ಕಳೆಯಿತು, ಯಂತ್ರ ಬೀಳಲಿಲ್ಲ. ಎರಡನೇ ಮಧ್ಯಾಹ್ನವೂ ಬೀಳಲಿಲ್ಲ. ಪೆಟ್ಟಿಗೆ ಮುಟ್ಟಿದರೆ ಕೈ ಸುಡುತ್ತಿತ್ತು, ಆದರೂ ಅದು ದೇವರ ಗುಡಿಯ ಕಲ್ಲುಕಂಬದ ಹಾಗೆ ನಿಂತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಆಹಾ ಕಮಲ, ಎಂಥ ತೇಪೆ ಹಾಕಿದೆಯೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ಪರಿಶೀಲಕರಿಗೆ ಉದ್ದನೆಯ ಪತ್ರ ಬರೆದೆ. ಎರಡು ದಿನ, ಕೆಟ್ಟ ಮೆಮೊರಿ, ಹೊಸದುರ್ಗದ ಬಿಸಿಲು, ಕಂಬಳಿ, ಯಾವುದನ್ನೂ ಬಿಡಲಿಲ್ಲ. ಮರುದಿನ ಶುಕ್ರವಾರ, ಉಪ್ಪಿಟ್ಟಿನ ಜೊತೆ ಉತ್ತರ ಬಂತು. ಒಂದೇ ಸಾಲು: "ಆ ಎರಡು ದಿನದಲ್ಲಿ ಎಷ್ಟು ದೋಷ ಬಂದವು?"

ಎಷ್ಟು ಬಂದವು? ನಾನು ಅದನ್ನೇ ನೋಡಿರಲಿಲ್ಲ. ಯಂತ್ರ ಬರೆದಿಟ್ಟ ದಿನಚರಿ ತೆಗೆದು ನೋಡಿದೆ. ಸೊನ್ನೆ. ಕಳ್ಳನೇ ಬಾರದ ಮನೆಯಲ್ಲಿ ನಾಯಿ ಎಷ್ಟು ಚೆನ್ನಾಗಿ ಕಾಯಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಪೆಟ್ಟಿಗೆ ಆರಿಸಿ, ಮುಚ್ಚಳ ತೆಗೆದು, ಪಟ್ಟಿ ಎಳೆದೆ. ಪೆಟ್ಟಿಗೆಗೆ ಸಿಕ್ಕಿಸುವ ಅಂಚಿನಲ್ಲಿ ಸಾಲಾಗಿರುವ ಹಳದಿ ಲೋಹದ ಹಲ್ಲುಗಳು, ಮೊದಲು ಮಂಕಾಗಿದ್ದವು, ಈಗ ಮದುವಣಗಿತ್ತಿಯ ಸರದಂತೆ ಹೊಳೆಯುತ್ತಿದ್ದವು. ಪೆಟ್ಟಿಗೆಯ ಮೂಲೆಯಲ್ಲಿ ಬಿಳಿ ಬಿಳಿ ಚೂರು. ಬೆರಳಿಗೆ ಅಂಟಿಸಿ ನೋಡಿದೆ. ಪೆನ್ಸಿಲಿನ ಗೆರೆ ಅಳಿಸುವ ರಬ್ಬರಿನ ಹೊಟ್ಟು.

ನಮ್ಮನೆಯವರು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಬಹಳ ಹೊತ್ತಿನಿಂದ ಹಾಳೆ ತಿರುಗಿಸಿದ ಸದ್ದಿರಲಿಲ್ಲ.

"ರೀ, ಆ ಪೆಟ್ಟಿಗೆ ಯಾರು ತೆಗ್ದಿದ್ರು?"

"ಯಾವ ಪೆಟ್ಟಿಗೆ?"

"ನಮ್ಮನೇಲಿ ಎಷ್ಟು ಪೆಟ್ಟಿಗೆ ಅವೆ?"

ಪೇಪರು ಇಳಿಯಿತು. ಮುಖದ ತುಂಬ ಮುಚ್ಚಿಟ್ಟುಕೊಳ್ಳಲಾಗದ ಸಂತೋಷ. "ಹುಷಾರಾತಾ ಅದು?" ಎಂದರು.

ಆಮೇಲೆ ಎಲ್ಲವೂ ಹೊರಬಂತು. ನಾನು ಹಿರಿಯೂರಿಗೆ ಹೋದ ದಿನ, ಅವರು ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಾ ಇಮ್ತಿಯಾಜನನ್ನು, 'ರ‍್ಯಾಮ್ ಕೆಟ್ರೆ ಮೊದ್ಲು ಏನ್ ಮಾಡ್ತೀರಪ್ಪ?' ಎಂದು ಕೇಳಿದ್ದಾರೆ. ಅವನು, 'ರಬ್ಬರ್ ತಗಂಡು ಹಲ್ಲು ಉಜ್ಜಿ ಹಾಕಿದ್ರೆ ಅರ್ಧಕ್ಕರ್ಧ ಸರಿ ಹೋಗ್ತವೆ ಸಾರ್' ಎಂದಿದ್ದಾನೆ. ಇವರು ಮನೆಗೆ ಬಂದು, ಕೈ ತೊಳೆದು, ಒಂದೊಂದು ಹಲ್ಲನ್ನೂ ಕರುವಿನ ಬಾಯಿ ಒರೆಸುವಷ್ಟು ಜೋಪಾನವಾಗಿ ಉಜ್ಜಿದ್ದಾರೆ. ಇಪ್ಪತ್ತೇಳು ವರ್ಷ ಕಾಯಿಲೆಯ ದನಕುರಿ ನೋಡಿದ ಕೈ.

"ಕೆಟ್ಟಿದ್ದೇ ಬೇಕು ಅಂತ ನಾನು ನೂರು ಸಲ ಹೇಳಿದ್ದೆನಲ್ಲ?"

"ಕಾಯಿಲೆ ಬೇಕು ಅಂತ ಯಾರಾದ್ರೂ ಅಂತಾರೇನೇ? ನೀನು ಬೇಜಾರಿಗೆ ಅಂತಿದೀಯ ಅನ್ಕಂಡೆ." ಆಮೇಲೆ ಪೇಪರು ಮಡಿಸುತ್ತಾ, ಸಣ್ಣ ದನಿಯಲ್ಲಿ ಹೇಳಿದರು. "ವಾರದಿಂದ ನೀನು ಅದರ ಮುಂದೆ ಬೆವರು ಸುರಿಸ್ಕಂಡು ಕುಂತಿದ್ದೆ. ನೋಡಾಕಾಗ್ಲಿಲ್ಲ, ಅದಕ್ಕೆ ಹಂಗೆ ಮಾಡ್ದೆ."

ಇಂಥ ಮಾತಿಗೆ ಪೂರ್ತಿ ಸಿಟ್ಟಾಗುವುದು ಕಷ್ಟ. ಆದರೂ ನಾನು ಸಾಕಷ್ಟು ಪ್ರಯತ್ನ ಮಾಡಿದೆ. ಕಾಯಿಲೆ ವಾಸಿಯಾಗಲಿಲ್ಲ, ಕಾಣದ ಹಾಗೆ ಮುಚ್ಚಿಟ್ಟಿರಿ ಅಷ್ಟೇ ಎಂದೆ. ತೋರಿಸಿದ್ದರೆ ನಾನು ನೋಡಿಕೊಳ್ಳುತ್ತಿದ್ದೆ, ಮುಚ್ಚಿಟ್ಟು ನನ್ನನ್ನು ಲೋಕದ ಮುಂದೆ ಪೆದ್ದಿ ಮಾಡಿದಿರಿ ಎಂದೆ. ಈ ಸುತ್ತಿಗೆ ಸೇರಿಸಲು ಕೊನೆಯ ದಿನ ಸೋಮವಾರ, ಆಮೇಲೆ ಜೀವಮಾನವೆಲ್ಲ ಬಟನ್ನಿಗೆ ಬಣ್ಣ ಹಚ್ಚುತ್ತೇನೆ, ನೀವು ಪಕ್ಕದಲ್ಲಿ ಕೂತು ಡಬ್ಬಿ ಹಿಡಿದುಕೊಳ್ಳಿ ಎಂದೆ. ಅವರು ಎದ್ದು ಬೈಕಿನ ಕೀಲಿ ತಗೊಂಡರು. "ನಡಿ, ಹೋಗಾಣ. ಇನ್ನೊಂದು ಕೆಟ್ಟಿದ್ದು ತರಾಣ."

ಇಮ್ತಿಯಾಜ್ ಕಥೆ ಕೇಳಿ ಹಣೆ ಚಚ್ಚಿಕೊಂಡ. "ಸಾರ್, ನಿಮ್ಮನೇಲಿರೋದಕ್ಕೆ ಅಂತ ಹೇಳ್ಬಾರ್ದಾ! ಅಂಥ ಕೆಟ್ಟ ಮಾಲು ಎಲ್ಲಿ ಸಿಗ್ತದೆ ಇನ್ನ?" ಒಂದು ಕ್ಷಣ ಬಿಟ್ಟು ಅವನೊಳಗಿನ ವ್ಯಾಪಾರಿ ಎದ್ದ. "ಹಂಗಾದ್ರೆ ಅದು ಈಗ ಒಳ್ಳೇದಾತಲ್ಲ, ಅದನ್ನ ನಂಗೆ ವಾಪಸ್ ಕೊಡ್ರಿ." ಅಟ್ಟ ಹತ್ತಿ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದ. ಅದೇ ಹಳೆಯ ಸರ್ವರಿನ ಇನ್ನೂ ಮೂರು ಪಟ್ಟಿ ಅದರಲ್ಲಿದ್ದವು. ಹೇಗಿವೆಯೋ ಅವನಿಗೂ ಗೊತ್ತಿಲ್ಲ. ನಮ್ಮನೆಯವರು ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ಒಳಗಿನ ಪಟ್ಟಿಗಳನ್ನು ಮುಟ್ಟದೆ ಕೂತಿದ್ದರು. ಬೈಕು ನಾನು ಓಡಿಸಿದೆ.

ಶನಿವಾರ ಮೊದಲನೆಯದು ಹಾಕಿದರೆ ಯಂತ್ರ ಕಣ್ಣೇ ಬಿಡಲಿಲ್ಲ. ಎರಡನೆಯದು ಇಡೀ ಮಧ್ಯಾಹ್ನ ಕಂಬಳಿ ಹೊದ್ದು ಸುಖವಾಗಿ ಓಡಿತು. ಅಷ್ಟು ಆರೋಗ್ಯವಂತ ಪಟ್ಟಿಯನ್ನು ನಾನು ನೋಡಿಯೇ ಇಲ್ಲ, ಬಾಯಿಗೆ ಬಂದಂತೆ ಬೈದೆ. ಭಾನುವಾರ ಮೂರನೆಯದು. ಹನ್ನೆರಡಾಯಿತು, ಒಂದಾಯಿತು. ಫ್ಯಾನಿಲ್ಲದ ಕೋಣೆಯಲ್ಲಿ ನಮ್ಮನೆಯವರು ತಲೆಗೆ ಒದ್ದೆ ಟವೆಲು ಹಾಕಿಕೊಂಡು ನನ್ನ ಪಕ್ಕ ಕೂತಿದ್ದರು, ಪ್ರಾಯಶ್ಚಿತ್ತ. ಅತ್ತೆ ಬಂದು ಇಣುಕಿದರು, ಹೋದರು, ತಮ್ಮ ಹಾಸಿಗೆಯ ಹಳೆಯ ಕಂಬಳಿಯೊಂದನ್ನು ತಂದು, ಮೊದಲಿನದರ ಮೇಲೆ ತಾವೇ ಹೊದಿಸಿ, "ಇದು ಹರಿದಿದ್ದು, ದೇವ್ರು ಏನೂ ಅನ್ಕಳಲ್ಲ" ಎಂದು ಅಲ್ಲೇ ಗೋಡೆಗೊರಗಿ ಕೂತರು.

ಎರಡೂ ಮುಕ್ಕಾಲಿಗೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಮುನ್ನೂರ ಹದಿನೇಳನೆಯ ಪುಟ ವಿಷ. ನಕಲು ನಿಂತಿತು. ದಾಟಿದ್ದ ಮುನ್ನೂರ ಹದಿನಾರೂ ಸಾಲಾಗಿ ತಮ್ಮ ತಮ್ಮ ಹಳೆಯ ಜಾಗಕ್ಕೆ ಮರಳಿದವು. ಕೆಟ್ಟದ್ದಕ್ಕೆ ಗುರುತು ಬಿತ್ತು. ಪೆಟ್ಟಿಗೆ ಗಿರಣಿಯ ಸದ್ದು ಮಾಡುತ್ತಾ, ಏನೂ ನಡೆದೇ ಇಲ್ಲವೆಂಬಂತೆ, ಮುಂದಿನ ಕೆಲಸಕ್ಕೆ ಕೈಹಾಕಿತು. ನಾನು ಎದ್ದು ನಿಂತು ಎರಡು ಕೈಯನ್ನೂ ಮೇಲಕ್ಕೆತ್ತಿದೆ.

"ಏನಾತು?" ಎಂದರು ಅತ್ತೆ.

"ಏನೂ ಆಗ್ಲಿಲ್ಲ ಅತ್ತೆ! ಏನೂ ಆಗ್ಲಿಲ್ಲ!"

ಅತ್ತೆ ಮಗನ ಕಡೆ ತಿರುಗಿದರು. "ಏನೂ ಆಗ್ದೇ ಇದ್ದಿದ್ದಕ್ಕೆ ಹಿಂಗೆ ಕುಣೀತಾಳಲ್ಲೋ ತಿಪ್ಪೇಶ. ಏನಾದ್ರೂ ಆಗಿದ್ರೆ ಹಿಡಿಯಾಕಾಗ್ತಿತ್ತಾ ಇವ್ಳನ್ನ?"

ಸಂಜೆಯೊಳಗೆ ಇನ್ನೂ ಆರು ದೋಷ ಬಂದವು. ಆರಕ್ಕೂ ಏನೂ ಆಗಲಿಲ್ಲ. ಎಲ್ಲವನ್ನೂ ಬರೆದು, ಎಣಿಕೆಯನ್ನು ಈ ಸಲ ಮೊದಲ ಸಾಲಿನಲ್ಲೇ ಹಾಕಿ ಕಳಿಸಿದೆ. ಸೋಮವಾರ ಇಡ್ಲಿಯ ಹೊತ್ತಿಗೆ ಉತ್ತರ ಬಂತು: "ಚೆನ್ನಾಗಿದೆ. ಸೇರಿಸಿಕೊಂಡೆ." ಅದನ್ನು ನಾಲ್ಕು ಸಲ ಓದಿದೆ. ಮ್ಯಾನೇಜರು ಫೋನು ಮಾಡಿ ಅಭಿನಂದಿಸಿದರು. ಬಟನ್ನಿನ ಮಾತು ಇಬ್ಬರೂ ಎತ್ತಲಿಲ್ಲ. ನಾನು ಒಳಕೋಣೆಯಲ್ಲೇ ಉಳಿದೆ. ಆ ದಿನ ಫ್ಯಾನು ಹಾಕಿಕೊಂಡು ಮಲಗಿದ ಸುಖವನ್ನು ಏನೆಂದು ಹೇಳಲಿ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ತೇಪೆ ಈಗ ಲೋಕದ ಯಂತ್ರಗಳಲ್ಲಿ ಓಡುತ್ತಿದೆ, ಅದರ ಮೇಲೆ ನನ್ನ ಹೆಸರಿದೆ, ಆದ್ದರಿಂದ ಪತ್ರಗಳೂ ನನಗೇ ಬರುತ್ತವೆ. ಮೊನ್ನೆ ಯಾವುದೋ ದೇಶದಿಂದ ಒಬ್ಬರು ಬರೆದಿದ್ದರು. ಹೊಗಳಿಕೆ ಇರಬಹುದೆಂದು ನಮ್ಮನೆಯವರನ್ನೂ ಕರೆದು, ಕನ್ನಡದಲ್ಲಿ ಹೇಳುತ್ತಾ ಓದಿದೆ. ಅವರ ದೂರು ಹೀಗಿತ್ತು. ಮೊದಲಾದರೆ ಮೆಮೊರಿ ಕೆಟ್ಟಾಗ ನಮ್ಮ ಯಂತ್ರ ದಬಕ್ಕನೆ ಬೀಳುತ್ತಿತ್ತು. ಕೆಟ್ಟಿದೆ ಎಂದು ತಿಳಿದು ಬದಲಾಯಿಸುತ್ತಿದ್ದೆವು. ನಿಮ್ಮ ತೇಪೆ ಬಂದ ಮೇಲೆ ಅದು ಬೀಳಲೇ ಇಲ್ಲ. ಒಳಗೊಳಗೇ ಕೊಳೆಯುತ್ತಾ ಬಂದದ್ದು ನಮಗೆ ತಿಂಗಳುಗಟ್ಟಲೆ ಗೊತ್ತೇ ಆಗಲಿಲ್ಲ. ಕಾಯಿಲೆಯನ್ನು ಹೀಗೆ ಮುಚ್ಚಿಡುವುದು ಯಾವ ನ್ಯಾಯ?

ದಿನಚರಿಯಲ್ಲಿ ಸಾಲು ಸಾಲಾಗಿ ಬರೆದಿತ್ತಲ್ಲ ಸ್ವಾಮಿ, ಓದಬಾರದಿತ್ತೇ ಎಂದು ಬರೆಯಲು ಹೊರಟೆ. ಎರಡು ದಿನ ಅದೇ ದಿನಚರಿಯನ್ನು ನೋಡದೆ ಬೆನ್ನು ತಟ್ಟಿಕೊಂಡವಳು ಯಾರೆಂದು ನೆನಪಾಗಿ ಅಳಿಸಿದೆ. ನಮ್ಮನೆಯವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಬಹಳ ಗಂಭೀರವಾಗಿ, ನಾನೇನು ಬರೆಯುತ್ತೇನೆಂದು ನೋಡುತ್ತಿದ್ದರು. ಮುಂದಿನ ತೇಪೆಯಲ್ಲಿ ಕರ್ನೆಲ್ ಇನ್ನೂ ಗಟ್ಟಿಯಾಗಿ ಕೂಗಿ ಹೇಳುವಂತೆ ಮಾಡುತ್ತೇನೆ, ಅದಂತೂ ನಿಶ್ಚಯ. ಆ ಕೆಲಸ ಆಗಲೇ ಶುರು ಮಾಡಿದ್ದೇನೆ. ಆದರೆ ಆ ಪುಣ್ಯಾತ್ಮರಿಗೆ ಈಗ ಏನು ಸಮಜಾಯಿಷಿ ಹೇಳುವುದು? ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕೊನೆಗೆ ಒಂದು ಪ್ರಾಮಾಣಿಕವಾದ ವಾಕ್ಯ ಕೂಡಿಬಂತು. ಕಳಿಸುವ ಮುಂಚೆ ಓದಿ ನೋಡಿದರೆ, 'ಅದು ಬೀಳುವುದನ್ನು ನೋಡಲಾಗಲಿಲ್ಲ, ಅದಕ್ಕೆ ಹಾಗೆ ಮಾಡಿದೆ' ಎಂದಿತ್ತು. ಅಂದು ಪಡಸಾಲೆಯಲ್ಲಿ ಪೇಪರು ಮಡಿಸುತ್ತಾ ಇವರು ಹೇಳಿದ್ದ ಮಾತೇ; ಭಾಷೆ ಮಾತ್ರ ಇಂಗ್ಲಿಷು.